ಮಾತಾಡುತ್ತಾ ಹತ್ತುವುದು

ಬೆಳಗಿನ ಐದೂಮುಕ್ಕಾಲು. ಅಂತರಗಂಗೆಯ ಬುಡದಲ್ಲಿ
ಸೌತೆಕಾಯಿ ಮಾರುವವಳು ಇನ್ನೂ ಬಂದಿಲ್ಲ.
ಕೋತಿಗಳು ಬಂದಿವೆ; ಅವು ಹೋದದ್ದೇ ಯಾವಾಗ?
ಕೊರಳಲ್ಲಿ ಸೀಟಿ ಇಲ್ಲ, ಕೈಯಲ್ಲಿ ಸ್ಟಾಪ್‌ವಾಚ್ ಇಲ್ಲ.
ಹದಿಮೂರು ವರ್ಷದಲ್ಲಿ ಮೊದಲ ಸಲ
ಸೆಕೆಂಡು ಎಣಿಸದೆ ಮೆಟ್ಟಿಲಿಗೆ ಕಾಲಿಟ್ಟಿದ್ದೇನೆ.

ನಾನ್ನೂರು ಮೀಟರ್ ಓಡುತ್ತಿದ್ದವಳು ನಾನು.
ಐವತ್ತೊಂಬತ್ತು ಸೆಕೆಂಡು, ಒಮ್ಮೆ, ಮೈಸೂರಿನಲ್ಲಿ.
ಈಗ ಹೈಸ್ಕೂಲಿನ ಪಿ.ಟಿ. ಮೇಡಂ.
ಮೂರನೇ ನೂರರಲ್ಲಿ ಲೆಕ್ಕ ತಪ್ಪಬಾರದು ಕಣ್ರೇ,
ಅನ್ನುತ್ತೇನೆ ಹುಡುಗಿಯರಿಗೆ.
ನನ್ನದೇ ನಾಲ್ಕು ವರ್ಷದಿಂದ ತಪ್ಪುತ್ತಿತ್ತು:
ಹನ್ನೆರಡು, ಹದಿನಾಲ್ಕು, ಇಪ್ಪತ್ತೆಂಟು.
ಅಡುಗೆಮನೆಯ ಕ್ಯಾಲೆಂಡರಿನಲ್ಲಿ
ಹಾಲು ಬಾರದ ದಿನಕ್ಕೊಂದು ಗೀಟು,
ಮುಟ್ಟು ಬಂದ ದಿನಕ್ಕೊಂದು.
ತಿಂಗಳ ಕೊನೆಗೆ ಎರಡನ್ನೂ ಮುನಿಕೃಷ್ಣನೇ ನೋಡುತ್ತಿದ್ದ.
ಒಂದಕ್ಕೆ ದುಡ್ಡು ಹಿಡಿಯುತ್ತಿದ್ದ,
ಇನ್ನೊಂದಕ್ಕೆ ಏನೂ ಅನ್ನುತ್ತಿರಲಿಲ್ಲ.

ತೂಕ ಇಳಿಸು ಅಂದರು. ಇಳಿಸಿದೆ.
ಅಷ್ಟೊಂದು ಇಳಿಸಬಾರದಿತ್ತು ಅಂದರು.
ಓಡೋ ಹೆಂಗಸಿನ ಮೈ ಒಣಗಿರುತ್ತೆ ಅಂದಳು
ಬಂಗಾರಪೇಟೆಯ ಅತ್ತಿಗೆ, ಅವಳ ನಾಲ್ಕನೆಯದು
ನನ್ನ ತೊಡೆಯ ಮೇಲೆ ಉಚ್ಚೆ ಹೊಯ್ಯುತ್ತಿದ್ದಾಗ.
ಆರು ದಿನದ ಓಟ ಮೂರಕ್ಕೆ ಬಂತು,
ಆ ಮೂರೂ ನಡಿಗೆಯಾಯಿತು.
ಮೈಯನ್ನು ಓಡಿಸುವುದು ಗೊತ್ತಿತ್ತು;
ಅದರ ಪಕ್ಕದಲ್ಲಿ ಸುಮ್ಮನೆ ಕೂತು ಕಾಯುವುದನ್ನು
ಯಾವ ಕೋಚೂ ಹೇಳಿಕೊಟ್ಟಿರಲಿಲ್ಲ.

ಹೋದ ವರ್ಷ ಒಂದು ಬಂದಿತ್ತು.
ಆರು ವಾರ ಇತ್ತು.
ತಾಲ್ಲೂಕು ಕ್ರೀಡಾಕೂಟದ ದಿನ, ರಿಲೇಯಲ್ಲಿ
ಬ್ಯಾಟನ್ ಬೀಳಿಸಿ ಮುಗ್ಗರಿಸಿದ ಹುಡುಗಿಯ ಕಡೆಗೆ
ಓಡಿದೆ. ಮೂವತ್ತು ಮೀಟರ್ ಇರಬಹುದು.
ಅದಾದ ಮೂರನೇ ದಿನ.
ಆ ಮೂವತ್ತು ಮೀಟರನ್ನು ಎಷ್ಟು ರಾತ್ರಿ
ಹಿಂದಕ್ಕೆ ಓಡಿದ್ದೇನೋ, ಯಾವ ವಾಚಿಗೂ ಗೊತ್ತಿಲ್ಲ.

ಈ ಸಲ ಎರಡು ಗೀಟು ಮೂಡಿದ ಬೆಳಿಗ್ಗೆ
ಅತ್ತೆ ನನ್ನ ಶೂ ಎತ್ತಿಕೊಂಡು ಹೋಗಿ
ಅಟ್ಟದ ಮೇಲೆ, ಹಳೇ ಚಂದ್ರಿಕೆಗಳ ಹಿಂದೆ ಇಟ್ಟರು.
"ನೀವು ಬಸುರಿಯಾಗಿದ್ದಾಗ ಸೊಪ್ಪಿನ ಮೂಟೆ ಹೊರಲಿಲ್ವಾ?"
"ಒಂಬತ್ತು ತಿಂಗಳೂ ಹೊತ್ತೆ. ಅದು ಕೆಲಸ ಕಣಮ್ಮ.
ಇದು ಸುಮ್ಸುಮ್ನೆ ಹತ್ತೋದು, ಸುಮ್ಸುಮ್ನೆ ಇಳಿಯೋದು."

ದೊಡ್ಡಪೇಟೆಯ ಡಾಕ್ಟರ್ ನುಸ್ರತ್ ಕನ್ನಡಕ ತೆಗೆದಿಟ್ಟು
ಆ ಮೂವತ್ತು ಮೀಟರಿನ ಕತೆಯನ್ನು ಪೂರ್ತಿ ಕೇಳಿದರು.
"ಅದು ನೀನು ಓಡಿದ್ದಕ್ಕೆ ಹೋದದ್ದಲ್ಲ," ಅಂದರು.
ಇನ್ನೊಮ್ಮೆ ಅಂದರು, ನಾನು ಕೇಳದಿದ್ದರೂ.
"ರಕ್ತ ಕಂಡರೆ, ತಲೆ ಸುತ್ತಿದರೆ ನಿಲ್ಲಿಸು, ಇಲ್ಲಿಗೆ ಬಾ.
ಇಲ್ಲದಿದ್ದರೆ ನಡಿ.
ನಡೆಯುತ್ತಾ ಮಾತಾಡಲು ಆಗಬೇಕು, ಅಷ್ಟೇ ಅಳತೆ.
ಮಾತು ತುಂಡಾದರೆ ಕೂತುಕೋ."

ಹಾಗಾಗಿ ಮಾತಾಡುತ್ತಿದ್ದೇನೆ.
ಮೊದಲು ಕೋತಿಗೆ: ನನ್ನ ಹತ್ತಿರ ತಿನ್ನುವುದಕ್ಕೇನೂ ಇಲ್ಲ, ಹೋಗು.
ಆಮೇಲೆ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡ ದಾನಿಗಳಿಗೆ,
ಒಬ್ಬೊಬ್ಬರಿಗೂ, ಹಾಜರಿ ಕೂಗಿದ ಹಾಗೆ.
ಆಮೇಲೆ ಯಾರೂ ಉಳಿಯಲಿಲ್ಲ,
ನಿನ್ನ ಬಿಟ್ಟು.

ಏನು ಹೇಳಲಿ? ಎಳ್ಳುಕಾಳಿನಷ್ಟಿದ್ದೀಯ,
ಕಿವಿ ಇನ್ನೂ ಬಂದಿಲ್ಲವಂತೆ ನಿನಗೆ.
ಹಾಗಾದರೆ ಗುಟ್ಟು ಹೇಳಬಹುದು.
ಶೂ ಅಟ್ಟದಿಂದ ಇಳಿಸಿದವರು ನಿನ್ನಜ್ಜಿಯೇ.
ನಾನು ಏಳುವ ಮುಂಚೆ ಎದ್ದು, ಧೂಳು ಒರೆಸಿ,
ಲೇಸು ಕಟ್ಟಲು ಬಾರದೆ
ಸೊಪ್ಪಿನ ಮೂಟೆಗೆ ಹಾಕುವ ಗಂಟು ಹಾಕಿಟ್ಟಿದ್ದರು.
ಬಿಚ್ಚಲು ಮನಸ್ಸಾಗಲಿಲ್ಲ. ಹಾಗೇ ಕಾಲು ತೂರಿಸಿದೆ.
ಎಡಗಾಲು ಸ್ವಲ್ಪ ಹಿಡಿಯುತ್ತಿದೆ.

ಅರ್ಧ ದಾರಿ. ಮಾತು ತುಂಡಾಯಿತು.
ಕೂತೆ.
ಕೆಳಗೆ ಮಂಡಿಯ ಕಡೆಗೆ ಟೊಮೇಟೊ ಲಾರಿಗಳ ದೀಪ.
ಮೇಲೆಲ್ಲೋ ಕಲ್ಲು ಬಸವನ ಬಾಯಿಂದ ನೀರು ಬೀಳುತ್ತಿದೆ.
ಇವತ್ತು ಅಲ್ಲಿಯವರೆಗೆ ಹೋಗುತ್ತೇನೋ ಇಲ್ಲವೋ.
ಸೆರಗಿಲ್ಲದ ಟ್ರ್ಯಾಕ್ ಸೂಟಿನ ತೋಳಲ್ಲೇ ಬೆವರು ಒರೆಸಿಕೊಂಡೆ.
ನೀನೂ ಕೂತುಕೋ ಅಂದೆ.
ಕೂತೇ ಇರು.